ಗುದ್ಲೆಪ್ಪನ ಹೆಸರಿಗೆ ಬಂದ ನೀರು

ಬಂಕಾಪುರ
21 ಏಪ್ರಿಲ್ 2025

ನಾಗರತ್ನಾ,

ಇವತ್ತು ನಸುಕಿನಲ್ಲಿ ಕೆಟ್ಟ ಕನಸು ಬಿತ್ತು. ಪುರಸಭೆಯ ನೀರಿನ ಟ್ಯಾಂಕರ್ ನಮ್ಮ ಅಂಗಳಕ್ಕೆ ಹಿಂದೆ ಹಿಂದೆ ಸರಿದು ಬರುತ್ತಿತ್ತು. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ತಡೆಯಲು ಹೋದರೆ ಅದರ ನಲ್ಲಿ ತಾನಾಗಿ ಬಿಚ್ಚಿಕೊಂಡು ನೀರು ಸುರಿಯತೊಡಗಿತು. ಓಣಿಯ ಕೊಡಗಳೆಲ್ಲ ಬೋರಲು ಬಿದ್ದಿದ್ದವು, ಎಷ್ಟು ಎತ್ತಿದರೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಟ್ಯಾಂಕರಿನ ಮೇಲೆ ನೀನು ಕುಳಿತಿದ್ದೆ. ಬೆನ್ನು ನನ್ನ ಕಡೆ. ಕೂಗಿದೆ, ಕೂಗಿದೆ, ನೀನು ತಿರುಗಲಿಲ್ಲ. ಎಚ್ಚರವಾದಾಗ ಕೋಟೆಯ ಕಡೆ ನವಿಲು ಕೂಗುತ್ತಿತ್ತು. ಅದನ್ನೇ ನನ್ನ ದನಿ ಅಂದುಕೊಂಡಿದ್ದೆನೋ ಏನೋ.

ಕ್ಷೇಮ ಅಂತ ಬರೆಯಲು ಕೈ ಬರುತ್ತಿಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ. ಕಾಗದವನ್ನು ಹರಿದು ಒಗೆಯಬಹುದು, ಆದರೆ ಹರಿಯುವ ಮೊದಲು ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ. ನಾನು ಏಳನೇತ್ತಕ್ಕೇ ಶಾಲೆ ಬಿಟ್ಟವಳು, ನೀನು ಹತ್ತರವರೆಗೂ ಹೋದವಳು. ತಪ್ಪು ಕಂಡರೆ ಹಿಂದೆ ಒಂದೇ ಬೆಂಚಿನಲ್ಲಿ ಕೂತಾಗ ತಿದ್ದುತ್ತಿದ್ದ ಹಾಗೆ ತಿದ್ದಿಕೊಂಡು ಓದು.

ನಮ್ಮ ಊರಿನ ಪದ್ಧತಿ ನಿನಗೆ ಹೇಳಬೇಕಾಗಿಲ್ಲ. ಸತ್ತ ಮನೆಗೆ, ಅವರು ಕೇಳಲಿ ಬಿಡಲಿ, ಒಂದು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಮೇಲಿನ ಓಣಿಗೆ ನಲ್ಲಿ ಬರುವುದೇ ವಾರಕ್ಕೊಮ್ಮೆ. ಸತ್ತವರ ಮೈ ತೊಳೆಯಲು, ಮಣ್ಣು ಕೊಟ್ಟು ಬಂದವರ ಕಾಲಿಗೆ, ಮನೆ ಸಾರಿಸಲು ನೀರು ಎಲ್ಲಿಂದ ಬರಬೇಕು? ವಾರ್ಡಿನ ಮೆಂಬರ್ ಫೋನ್ ಮಾಡಬೇಕು, ಕರೀಮಸಾಬ ಟ್ಯಾಂಕರ್ ತರಬೇಕು. ಹೋದ ವರ್ಷ ನಾನು ಹೊಸದಾಗಿ ಆರಿಸಿ ಬಂದಾಗ ತಿಪ್ಪವ್ವನ ಗಂಡ ತೀರಿಕೊಂಡ. ನನ್ನ ಫೋನ್ ತಡವಾಯಿತು, ಟ್ಯಾಂಕರ್ ಇನ್ನೂ ತಡವಾಯಿತು. ಮಣ್ಣಿಗೆ ಹೋದವರು ತಿರುಗಿ ಬಂದು ಮಣ್ಣುಗಾಲಿನಲ್ಲಿ ಓಣಿಯಲ್ಲೇ ನಿಂತಿದ್ದರು. ತಿಪ್ಪವ್ವ ಅಳುತ್ತ ಅಳುತ್ತಲೇ ಎಲ್ಲರೆದುರು ಅಂದಳು: "ಮೆಂಬರ ಬಂದ್ಲು, ನೀರು ಬರಲಿಲ್ಲ." ಆ ಮಾತು ನನ್ನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕೂತಿದೆ.

ಅಂದಿನಿಂದ ದಿನಾ ಮುಂಜಾನೆ ವಾರ್ಡಿನ ಓಣಿಗಳಲ್ಲಿ ಒಂದು ಸುತ್ತು ಹಾಕುತ್ತೇನೆ. ಯಾರ ಬಾಗಿಲು ತೆಗೆದಿದೆ, ಯಾರದು ಇನ್ನೂ ಮುಚ್ಚಿದೆ ಅಂತ ನೋಡುತ್ತೇನೆ. ಹೋದ ಮಂಗಳವಾರವೂ ಹಾಗೇ ಬಂದೆ. ನಿಮ್ಮಪ್ಪ ಗುದ್ಲೆಪ್ಪ ಕಾಕಾ ಹುಬ್ಬಳ್ಳಿ ಆಸ್ಪತ್ರೆಯಿಂದ ಶನಿವಾರವಷ್ಟೇ ಮನೆಗೆ ಬಂದಿದ್ದರು, ಡಾಕ್ಟರು ಹೆಚ್ಚು ಭರವಸೆ ಕೊಟ್ಟಿಲ್ಲ ಅಂತ ನಿಮ್ಮ ಅಣ್ಣ ಮಹಾಂತೇಶನೇ ಹೇಳಿದ್ದ. ನೋಡಿದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಲೆಯ ಹೊಗೆ ಇಲ್ಲ. ಮಹಾಂತೇಶನ ಹೆಂಡತಿ ಮಲ್ಲಿಕಾ ವೈನಿ ಸೆರಗಿನಿಂದ ಕಣ್ಣು ಒರೆಸುತ್ತ ಹೊರಗೆ ಬಂದು ಒಳಗೆ ಹೋದಳು. ಎಲ್ಲಕ್ಕಿಂತ ಹೆಚ್ಚಾಗಿ, ಕಾಕಾ ಮಲಗುವ ಹೊರಸು ಹೊರಗೆ ಬಂದು ಗೋಡೆಗೆ ನೆಟ್ಟಗೆ ನಿಂತಿತ್ತು. ಸತ್ತವರ ಹೊರಸನ್ನಲ್ಲದೆ ಯಾರ ಹೊರಸನ್ನು ಹಾಗೆ ನಿಲ್ಲಿಸುತ್ತಾರೆ ಹೇಳು? ಒಳಗೆ ಹೋಗಿ "ಹೋದ್ರೇನು?" ಅಂತ ಹೇಗೆ ಕೇಳಲಿ? ಕೇಳಲಿಲ್ಲ. ಅಲ್ಲೇ ನಿಂತು ಕರೀಮಸಾಬನಿಗೆ ಫೋನ್ ಮಾಡಿದೆ.

ಹೊರಸನ್ನು ತಿಗಣೆಗೆ ಬಿಸಿಲಿಗೆ ಹಾಕಿದ್ದರಂತೆ. ಚಪ್ಪಲಿಗಳು ಕಾಕಾನನ್ನು ಮಾತಾಡಿಸಲು ಬಂದವರವು. ಮಲ್ಲಿಕಾಳ ಕಣ್ಣಿಗೆ ಉಳ್ಳಾಗಡ್ಡಿ ಹತ್ತಿತ್ತು.

ಟ್ಯಾಂಕರ್ ಬಂದು ಬಾಗಿಲಿಗೆ ಹತ್ತಿ ನಿಂತಾಗ ಮಹಾಂತೇಶ ಹೊರಗೆ ಬಂದು ನನ್ನ ಮುಖ ನೋಡಿದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ. ನೀರನ್ನು ಬೇರೆ ಮನೆಗಾದರೂ ಬಿಡು ಅಂದರೆ ಕರೀಮಸಾಬ ಒಪ್ಪಲಿಲ್ಲ. "ಸತ್ತೋರ ಹೆಸರೀಗೆ ಬಂದ ನೀರು, ಯಾರು ತುಂಬಿಕೊಳ್ತಾರ ಅಕ್ಕಾರ?" ಅಂದ. ಖರೇ ಮಾತು. ಹೆಂಗಸರು ಕೊಡ ಹಿಡಿದು ಬಂದವರು ಕೊಡ ಹಿಡಿದೇ ನಿಂತಿದ್ದರು. ಅಷ್ಟರಲ್ಲಿ ಒಳಗಿನಿಂದ ಕಾಕಾನ ದನಿ ಬಂತು. "ನನ್ನ ಹೆಸರೀಗೆ ಬಂದೈತಿಲ್ಲೋ? ಹಂಗಾರ ಮೊದಲ ನಾ ಮೈ ತೊಳಕೊಳ್ತೇನಿ. ಆಮ್ಯಾಲ ಅದು ಬರೇ ನೀರು." ಮಹಾಂತೇಶ ಕಾಯಿಸಿ ಬಚ್ಚಲಲ್ಲಿ ಕೂರಿಸಿ ಎರೆದ. ಆಸ್ಪತ್ರೆಗೆ ಹೋದ ಮೇಲೆ ಅದೇ ಮೊದಲ ಜಳಕವಂತೆ. ಆಮೇಲೆ ಓಣಿಯೆಲ್ಲ ಕೊಡ ತುಂಬಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಟ್ಯಾಂಕರ್ ನಿಂತದ್ದನ್ನು ಕಂಡ ಕೂಡಲೇ ತಿಪ್ಪವ್ವ ನಿನಗೆ ಫೋನ್ ಮಾಡಿದ್ದಳು. ಮಧ್ಯಾಹ್ನ ನೀನು ಎದೆ ಬಡಿದುಕೊಳ್ಳುತ್ತ ಓಣಿಗೆ ಬಂದದ್ದು, ನಿಮ್ಮಪ್ಪ ಚಹಾದ ಬಸಿ ಹಿಡಿದು ಕೂತಿದ್ದದ್ದು, ಸುತ್ತ ಇದ್ದವರು ನಕ್ಕದ್ದು ಎಲ್ಲವನ್ನೂ ನಾನು ನೋಡಿದೆ. ನೀನು ನನ್ನನ್ನು ದಾಟಿ ಹೋಗುವಾಗ ಆಡಿದ ಒಂದೇ ಮಾತನ್ನೂ ಕೇಳಿದೆ. "ಯಮನ ಪುರಸಭೆಗೂ ನೀನ ಮೆಂಬರೇನು?"

ಅಂದುಕೋ. ಇನ್ನೂ ಬೇಕಾದ್ದು ಅನ್ನು. ಆದರೆ ಮಾತು ಬಿಡಬೇಡ.

ಶೀಲಾ


ಹಿರೇಕೆರೂರು
3 ಮೇ 2025

ಶೀಲಾ,

ಹರಿಯಬೇಕೆಂದೇ ಲಕೋಟೆ ಬಿಚ್ಚಿದೆ. ನೀನು ಹೇಳಿದ ಹಾಗೆ ಎರಡು ಸಾಲು ಕಣ್ಣಿಗೆ ಬಿದ್ದವು, ಉಳಿದದ್ದನ್ನೂ ಓದಿದೆ. ಅದಕ್ಕೆ ಉತ್ತರ ಅಂತ ತಿಳಿಯಬೇಡ. ನಿನಗೆ ಗೊತ್ತಿರದ್ದನ್ನು ಹೇಳುತ್ತೇನೆ, ಅಷ್ಟೇ.

ಫೋನ್ ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ಸತ್ತ ಅಂತ ತಿಪ್ಪವ್ವ ಹೇಳಲಿಲ್ಲ. "ನಿಮ್ಮ ಅಪ್ಪನ ಮನಿಗೆ ಟ್ಯಾಂಕರ್ ಬಂದೈತಿ, ಲಗೂ ಬಾ" ಅಂದಳು. ಬಂಕಾಪುರದಲ್ಲಿ ಹುಟ್ಟಿದವಳಿಗೆ ಅದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಕೈಯಲ್ಲೇ ಬಸ್ ಹತ್ತಿದೆ. ಹಾನಗಲ್ಲಿನಲ್ಲಿ ಬಸ್ ಬದಲಿಸಬೇಕು ಅನ್ನುವುದೂ ತಲೆಗೆ ಹೋಗದೆ ನಿಲ್ದಾಣದ ಕಂಬ ಹಿಡಿದು ಅಳುತ್ತಿದ್ದೆ. ಆಡೂರಿನ ಮುದುಕಿಯೊಬ್ಬಳು ತನ್ನ ಬಸ್ ಬಿಟ್ಟು ನನ್ನ ಹತ್ತಿರ ಕುಳಿತಳು. ನನ್ನ ಬಸ್ ಬರುವ ತನಕ ಕೈ ಬಿಡಲಿಲ್ಲ. ಅವಳ ಹೆಸರೂ ಕೇಳಲಿಲ್ಲ ನಾನು. ಈಗ ಅವಳು ಯಾರದೋ ಕಟ್ಟೆಯ ಮೇಲೆ ಕೂತು, ಅಪ್ಪನನ್ನು ಕಳೆದುಕೊಂಡ ಹುಡುಗಿಯ ಕಥೆ ಹೇಳುತ್ತಿರಬೇಕು.

ಇನ್ನೊಂದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಬರಲಿಲ್ಲ. ನಮ್ಮ ಅತ್ತೆಯ ತೊಡೆ ಮೂಳೆ ಮುರಿದಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಅಳುತ್ತಿದ್ದೆ. ಹಾಗೆ ಅತ್ತುಕೊಂಡು ಬಂದವಳನ್ನು ನೋಡಿ ಓಣಿ ನಕ್ಕಿತು.

ಮತ್ತೆ ಬರೆಯಬೇಡ.

ನಾಗರತ್ನಾ


ಬಂಕಾಪುರ
28 ಮೇ 2025

ನಾಗರತ್ನಾ,

ಬರೆಯಬೇಡ ಅಂದಿದ್ದೆ. ಬರೆಯದೆ ಇದ್ದು ನೋಡಿದೆ, ಆಗಲಿಲ್ಲ. ಈಗ ಬರೆಯಲೇಬೇಕಾದ ಸಂಗತಿ ಒಂದಾಗಿದೆ, ಅದು ನಿನ್ನ ಕೈಯಲ್ಲೇ ಇದೆ.

ನೀನು ಹಿರೇಕೆರೂರಿಗೆ ತಿರುಗಿ ಹೋದ ಮೇಲೆ ನನ್ನ ವಾರ್ಡಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ತಿಪ್ಪವ್ವನಿಗೆ ಜ್ವರ ಅಂತ ಕೇಳಿ ಹೋದೆ. ನಾನು ಇನ್ನೂ ಮೆಟ್ಟಿಲು ಏರಿರಲಿಲ್ಲ, ಒಳಗಿನಿಂದಲೇ ಕೂಗಿದಳು. "ಅಲ್ಲೇ ನಿಂದರ್ರಿ ಮೆಂಬರ. ನನಗ ಬರೇ ಜ್ವರ ಬಂದೈತಿ." ಬೆಳಗಿನ ಸುತ್ತಿಗೆ ಹೊರಟರೆ ಕಟ್ಟೆಯ ಮೇಲಿನ ಮುದುಕರು ನನ್ನನ್ನು ಕಂಡು ಎದ್ದು ನಿಂತು ಕೈಕಾಲು ಆಡಿಸಿ ತೋರಿಸುತ್ತಾರೆ. ನಗಬೇಕೋ ಅಳಬೇಕೋ ಹೇಳು. ನಮ್ಮ ಮನೆಯವರು ಸಂಜಯ ನಗುತ್ತಾರೆ. ನನಗೆ ನಗು ಬರುವುದಿಲ್ಲ, ಯಾಕೆಂದರೆ ಬಾಗಿಲು ಮುಚ್ಚಿದ ಮನೆಯವರು ನನಗೆ ಏನನ್ನೂ ಹೇಳುವುದಿಲ್ಲ. ಕೆಳಗಿನ ಓಣಿಯ ಗಟಾರ ಕಟ್ಟಿ ಹೊಲಸು ನೀರು ಎರಡು ಮನೆಯ ಅಡುಗೆಮನೆಗೆ ನುಗ್ಗಿತ್ತು. ಮೆಂಬರಿಗೆ ಹೇಳೋಣ ಅಂದರೆ "ಆಕಿನ್ನ ಮನಿಗೆ ಕರೀಬ್ಯಾಡ್ರಿ" ಅಂದರಂತೆ. ಅವರೇ ಬಗ್ಗಿ ಕೈಯಿಂದ ಎತ್ತಿ ಹಾಕಿದರು. ಮನೆಯೊಳಗೆ ಬಿಟ್ಟುಕೊಳ್ಳದ ಮೆಂಬರ್ ಇದ್ದರೇನು, ಬಿಟ್ಟರೇನು? ರಾಜೀನಾಮೆ ಕೊಡುತ್ತೇನೆ ಅಂತ ಸಂಜಯರಿಗೆ ಹೇಳಿಬಿಟ್ಟೆ.

ಇದು ನಿಮ್ಮಪ್ಪನ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ. ಈಗ ಅವರು ಕೋಲು ಹಿಡಿದು ಕಟ್ಟೆಯ ತನಕ ಬರುವಷ್ಟು ಆಗಿದ್ದಾರೆ, ದೇವರು ದೊಡ್ಡವನು. ಹೋದ ಗುರುವಾರ ಕಟ್ಟೆಯಲ್ಲಿ ಕೂತು ನಾನು ಹಾಯುವುದನ್ನು ಕಂಡು ಕರೆದರು. ಸುತ್ತ ಓಣಿಯ ಮಂದಿ ಇದ್ದರು, ತಿಪ್ಪವ್ವ ಇದ್ದಳು, ಟ್ಯಾಂಕರ್ ನಿಲ್ಲಿಸಿಕೊಂಡು ಕರೀಮಸಾಬನೂ ಇದ್ದ. ಕಾಕಾ ನನ್ನನ್ನು ನೋಡಲಿಲ್ಲ, ಮಂದಿಯನ್ನು ನೋಡಿ ಹೇಳಿದರು.

"ಆಸ್ಪತ್ರಿಯಿಂದ ಬಂದ ಸೋಮವಾರ ಕಾಗಿ ನನ್ನ ತಲಿ ಮುಟ್ಟಿ ಹೋತು. ನಾನ ಶೀಲವ್ವಗ ಹೇಳಿದೆ, ಸತ್ತ ಸುದ್ದಿ ಮುಟ್ಟಸು ಅಂತ. ಬರೇ ಬಾಯಿಲೆ ಹೇಳಿದ್ರ ಈ ಓಣ್ಯಾಗ ಯಾರು ನಂಬ್ತಾರ? ಅದಕ್ಕ ಟ್ಯಾಂಕರ್ ಕಳಿಸಿದ್ಲು. ಉಳದ ಮೆಂಬರು ಸತ್ತ ಮ್ಯಾಲೂ ಬರೂದಿಲ್ಲ. ನಮ್ಮಾಕಿ ಸಾಯೂ ಮೊದಲ ಬಂದಾಳ."

ಕಾಗೆ ತಲೆ ಮುಟ್ಟಿದರೆ ಗಂಡಾಂತರ, ಸತ್ತರು ಅಂತ ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ಖರೇ ಅಂತ ತಿಳಿದು ಅತ್ತರೆ ಆಯುಷ್ಯ ಬೆಳೆಯುತ್ತದೆ. ನಮ್ಮ ಹಿರಿಯರು ಮಾಡುತ್ತಿದ್ದುದೇ ಅಲ್ಲವೇ. ಮಂದಿ ಗೋಣು ಹಾಕಿದರು. ತಿಪ್ಪವ್ವ ಬಾಯಿಗೆ ಸೆರಗು ಇಟ್ಟುಕೊಂಡಳು. ಕರೀಮಸಾಬ ಮಾತ್ರ, ಮೊದಲೇ ಹೇಳಿದ್ದರೆ ತಾನೂ ಎರಡು ಹನಿ ಅಳುತ್ತಿದ್ದೆ ಅಂದ.

ನಾಗರತ್ನಾ, ಕಾಕಾ ನನಗೆ ಹಾಗೆ ಹೇಳಿರಲೇ ಇಲ್ಲ. ನಾನೂ ಹೇಳಿಸಲಿಲ್ಲ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮರುದಿನದಿಂದ ಬಾಗಿಲುಗಳು ತೆರೆದವು. ಕೆಳಗಿನ ಓಣಿಯವರೇ ಕರೆದು ಗಟಾರ ತೋರಿಸಿದರು.

ನನ್ನ ಹೆದರಿಕೆ ಒಂದೇ. ನೀನು ಅವರ ಮಗಳು. ಪಂಚಮಿಗೆ ತವರಿಗೆ ಬರುತ್ತೀ. ಓಣಿಯವರು ಕೇಳುತ್ತಾರೆ, ಕೇಳದೇ ಬಿಡುವವರಲ್ಲ. ನೀನು "ಸುಳ್ಳು" ಅಂತ ಒಂದು ಮಾತು ಅಂದರೆ ನನ್ನದಂತೂ ಮುಗಿಯಿತು, ಕಾಕಾ ಕೂಡ ಈ ವಯಸ್ಸಿನಲ್ಲಿ ಸುಳ್ಳುಗಾರರಾಗುತ್ತಾರೆ. ಸುಳ್ಳು ಹೇಳು ಅಂತ ನಿನಗೆ ಹೇಳಲಾರೆ. ಸುಮ್ಮನಿರು ಅಂತ ಕೇಳಲೂ ನನಗೆ ಮುಖವಿಲ್ಲ. ಬರೆದು ತಿಳಿಸಿದ್ದೇನೆ, ಅಷ್ಟೇ.

ಶೀಲಾ


ಹಿರೇಕೆರೂರು
20 ಜೂನ್ 2025

ಶೀಲಾ,

ಕಾಗೆ ಎಲ್ಲಿ ಮುಟ್ಟಿತು? ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಹದಿನೈದು ದಿನ ಹೊಸ್ತಿಲು ದಾಟಿಲ್ಲ ಅಂತ ಮಹಾಂತೇಶಣ್ಣನೇ ಫೋನಿನಲ್ಲಿ ಹೇಳಿದ್ದಾನೆ. ಕಾಗೆಯೇನು ಚಪ್ಪಲಿ ಬಿಟ್ಟು ಪಡಸಾಲೆಗೆ ಬಂದು ಅಪ್ಪನನ್ನು ಮಾತಾಡಿಸಿ ಹೋಯಿತೇ?

ನಮ್ಮಪ್ಪ ಸುಳ್ಳು ಹೇಳುವುದನ್ನು ನಾನು ಕಂಡಿಲ್ಲ. ನನ್ನನ್ನು ನೋಡಲು ಬಂದವರ ಮುಂದೆ, ನನಗೆ ಸಿಟ್ಟು ಬಹಳ ಅಂತ ಹೇಳಿ ಎರಡು ಸಂಬಂಧ ಕೆಡಿಸಿದ ಮನುಷ್ಯ. ಮೂರನೆಯವರು ಅದನ್ನು ಕೇಳಿಯೂ ಒಪ್ಪಿದರು, ಅದಕ್ಕೇ ಇಲ್ಲಿದ್ದೇನೆ. ಮಗಳ ಲಗ್ನಕ್ಕೇ ಸುಳ್ಳು ಹೇಳದವನು ನಿನಗಾಗಿ ಹೇಳಿದ್ದಾನೆ. ಯಾಕೆ? ನೀನು ಅವನಿಗೆ ಏನು ಮಾಡಿದ್ದೀ? ನಾನು ಇಲ್ಲದಾಗ ಆ ಮನೆಯಲ್ಲಿ ಏನು ನಡೆದಿದೆ ಅಂತ ನನಗೆ ಗೊತ್ತಾಗಬೇಕು.

ಪಂಚಮಿಗೆ ಬರುತ್ತೇನೆ. ಓಣಿಯವರು ಕೇಳಿದರೆ ನನಗೆ ಖರೇ ಅನ್ನಿಸಿದ್ದನ್ನೇ ಹೇಳುತ್ತೇನೆ. ಅಪ್ಪನ ಮಗಳು ನಾನು.

ನಾಗರತ್ನಾ


ಬಂಕಾಪುರ
5 ಜುಲೈ 2025

ನಾಗರತ್ನಾ,

ನಿನ್ನ ಪ್ರಶ್ನೆಗೆ ಉತ್ತರ ಹುಡುಕಿ ಹುಡುಕಿ ಸಾಕಾಯಿತು. ನಾನು ಕಾಕಾನಿಗೆ ಮಾಡಿದ್ದು ಏನೂ ಇಲ್ಲ. ಬಾಗಿಲ ಮುಂದಿನ ಗಟಾರದ ಮೇಲಿನ ಕಲ್ಲು ಬಿರಿದಿತ್ತು. ಕಾಕಾ ಕಾಲಿಟ್ಟರೆ, ಅದು ಎರಡಾದರೆ, ಅಂತ ನನಗೆ ದಿಗಿಲು. ಪುರಸಭೆಗೆ ಹೋಗಿ ಹೋಗಿ, ಸಾಹೇಬರು ನನ್ನ ಮುಖ ಕಂಡರೆ ಬೇರೆ ಕಡೆ ನೋಡುವಷ್ಟು ಆದ ಮೇಲೆ ಹೊಸ ಕಲ್ಲು ಬಂತು. ಅದು ಮೆಂಬರಳ ಕೆಲಸ, ಯಾರ ಬಾಗಿಲಿಗಾದರೂ ಮಾಡುತ್ತಿದ್ದೆ. ನೀರು ಬಿಟ್ಟ ದಿನ ಮೇಲಿನ ಓಣಿಯ ಕೊನೆಯ ಮನೆಯ ತನಕ ಹತ್ತಿತೋ ಇಲ್ಲವೋ ಅಂತ ಹೋಗಿ ನೋಡುತ್ತೇನೆ. ಮುಂಜಾನೆ ಬಾಗಿಲು ತೆಗೆದಿದೆಯೋ ಅಂತ ನೋಡುತ್ತೇನೆ. ಇದನ್ನೆಲ್ಲ ಸೇವೆ ಅನ್ನಬೇಡ, ಅದು ಸುಮ್ಮನೆ ಕೂರಲಾರದ ನನ್ನ ಚಟ. ಸಣ್ಣವಳಿದ್ದಾಗ ಶಾಲೆಯ ಬಾಗಿಲಿಗೆ ಕೀಲಿ ಬಿದ್ದಿದೆಯೋ ಅಂತ ಅರ್ಧ ದಾರಿಯಿಂದ ನಿನ್ನನ್ನು ಎಳೆದುಕೊಂಡು ತಿರುಗಿ ಹೋಗುತ್ತಿದ್ದವಳು ನಾನೇ ಅಲ್ಲವೇ? ಕೀಲಿ ಹಾಕುವುದು ನಮ್ಮ ಕೆಲಸವೂ ಅಲ್ಲ.

ನಿನ್ನಿಂದ ಮುಚ್ಚಿಟ್ಟದ್ದು ಏನೂ ಇಲ್ಲ. ಇಷ್ಟೇ ಇರುವುದು.

ಆದರೆ ಕಾಕಾ ತೆರೆಸಿದ ಬಾಗಿಲುಗಳಿಂದ ಏನಾಯಿತು ಅಂತ ಹೇಳದೇ ಇರಲಾರೆ. ಹೋದ ವಾರ ಕೆಳಗಿನ ಓಣಿಯ ಗುಲ್ನಾರಳ ಮಗಳಿಗೆ ಹೆರಿಗೆ ನೋವು ಬಂತು. ಪೈಪಿಗೆ ಅಂತ ರಸ್ತೆ ಅಗೆದು ಮಣ್ಣು ಗುಡ್ಡೆ ಹಾಕಿದ್ದರು, ಗಾಡಿ ಒಳಗೆ ಬರುವ ಹಾಗಿರಲಿಲ್ಲ. ಗುಲ್ನಾರ ಓಡಿಬಂದು ನಮ್ಮ ಬಾಗಿಲು ಬಡಿದಳು. ಕಂತ್ರಾಟುದಾರನಿಗೆ ಫೋನ್, ಅವನ ಜನರಿಗೆ ಫೋನ್, ಯಾರೂ ಇಲ್ಲ. ಕೊನೆಗೆ ಓಣಿಯವರನ್ನೇ ಕರೆದು, ನಾನೂ ಬುಟ್ಟಿ ಹಿಡಿದು, ಮಣ್ಣು ಸರಿಸಿ ಗಾಡಿಗೆ ದಾರಿ ಮಾಡಿದೆವು. ಶಿಗ್ಗಾಂವಿ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಗಂಡು ಹುಟ್ಟಿತು. ಮೇ ತಿಂಗಳಿನಲ್ಲಾಗಿದ್ದರೆ ಗುಲ್ನಾರ ನನ್ನ ಬಾಗಿಲಿಗೆ ಬರುತ್ತಿದ್ದಳೇ? ಬಸಿರು ಹೆಂಗಸಿನ ಹತ್ತಿರ ನನ್ನನ್ನು ಬಿಡುತ್ತಿದ್ದರೇ? ಆ ಕೂಸನ್ನು ಕೈಯಲ್ಲಿ ಹಿಡಿದಾಗ ನಿಮ್ಮಪ್ಪ ನೆನಪಾದರು. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ. ಸುಖದ ಅಳು.

ಹಾಗಾಗಿ ಪಂಚಮಿಯ ದಿನ ನೀನು ಏನು ಹೇಳಿದರೂ ನನಗೆ ನಿನ್ನ ಮೇಲೆ ಬೇಸರವಿಲ್ಲ. ಕಾಕಾ ಕೊಟ್ಟ ಇಷ್ಟು ದಿನಗಳಿಗೇ ನಾನು ಋಣಿ. ಆದರೆ ನಿನ್ನ ಬಾಯಿಯಿಂದ ಅದನ್ನು ಕೇಳುವ ಧೈರ್ಯ ನನಗಿಲ್ಲ. ಓಣಿಯಲ್ಲಿ ಜೋಕಾಲಿ ಕಟ್ಟಿದಾಗ ನಾನು ಮನೆಯಲ್ಲೇ ಇರುತ್ತೇನೆ. ಕಾಕಾನಿಗೆ ಶೇಂಗಾದ ಉಂಡಿ ಗಟ್ಟಿಯಾದರೆ ಹಲ್ಲು ನೋಯುತ್ತದೆ, ಎಳ್ಳಿನದು ತಾ.

ಶೀಲಾ


ಹಿರೇಕೆರೂರು
6 ಆಗಸ್ಟ್ 2025

ಶೀಲಾ,

ಮನೆಯಲ್ಲೇ ಇರುತ್ತೇನೆ ಅಂದವಳು ಖರೇನೇ ಕದ ಹಾಕಿಕೊಂಡು ಕೂತಿದ್ದೆಯಲ್ಲ. ಎರಡು ಸಲ ಬಂದು ಬಡಿದೆ. ಸಂಜಯ ಮಾವ ಬಂದು "ಮೆಂಬರ್‌ಗೆ ತಲೆನೋವು" ಅಂದರು. ಹಿಂದೆ ನಿನ್ನ ಕಾಲುಂಗುರದ ಸಪ್ಪಳ ಕೇಳುತ್ತಿತ್ತು. ಹೋಗಲಿ, ನೀನು ಕೇಳದ್ದನ್ನು ಕಾಗದದಲ್ಲಿ ಕೇಳು.

ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ನಾನು ಇನ್ನೂ ಹಗ್ಗ ಹಿಡಿದಿರಲಿಲ್ಲ, ತಿಪ್ಪವ್ವ ಶುರು ಮಾಡಿದಳು. ಕಾಗೆ ಖರೇನೇ ಮುಟ್ಟಿತ್ತೇ, ಮಗಳಾದ ನಿನಗೆ ಗೊತ್ತಿರಬೇಕು ಅಂತ. ಅಪ್ಪ ಕಟ್ಟೆಯ ಮೇಲಿದ್ದ, ಕೋಲು ನೋಡುತ್ತ ಕೂತಿದ್ದ. ಅವನ ಕಿವಿ ಮಾತ್ರ ಇತ್ತ ಇತ್ತು.

ಊರಿಂದ ಹೊರಡುವಾಗ, ಸುಳ್ಳು ಅಂತಲೇ ಹೇಳಬೇಕು ಅಂದುಕೊಂಡಿದ್ದೆ. ಒಪ್ಪಿಕೊಳ್ಳುತ್ತೇನೆ. ಆದರೆ ಹಿಂದಿನ ದಿನ ಸಂಜೆ ಅಪ್ಪನನ್ನೇ ಕೇಳಿದೆ. ಕಾಗೆ ಮಾತು ಬಿಡು, ಅವಳಿಗಾಗಿ ಯಾಕೆ ಇಷ್ಟು ಮಾಡಿದೆ, ಗಟಾರದ ಕಲ್ಲಿಗೇ? ಅಂದೆ. ಅಪ್ಪ ಎಲೆಗೆ ಸುಣ್ಣ ಹಚ್ಚಿದ. ಆಮೇಲೆ ಹೇಳಿದ.

"ಮುಂಜಾನೆ ನನ್ನ ಬಾಗಿಲಾ ತಗದೈತೋ ಇಲ್ಲೋ ಅಂತ ನೋಡಿ ಹೋಗಾಕಿ ಈ ಊರಾಗ ಒಬ್ಬಾಕಿನ. ಮಂದಿ ಬಾಗಿಲಾ ಹಾಕ್ಕೊಂಡ್ರ ಆಕಿ ಬರೂದು ನಿಲ್ಲತೈತಿ. ಆಕಿ ಬರೂದು ನಿಂತ್ರ, ನಾ ಇನ್ನೂ ಇದ್ದೇನೋ ಇಲ್ಲೋ ನನಗ ಹೆಂಗ ತಿಳೀಬೇಕು?"

ದಿನಾ ಮುಂಜಾನೆ ಆ ಬಾಗಿಲು ನೋಡಬೇಕಾದವಳು ನಾನು. ಹಿರೇಕೆರೂರಿನಿಂದ ಕಾಣುವುದಿಲ್ಲ. ನೀನು ನೋಡುತ್ತೀ. ಅದನ್ನು ಚಟ ಅಂತ ಬರೆದಿದ್ದೆಯಲ್ಲ, ನಿನ್ನ ಕಾಗದದಲ್ಲಿ ನಾನು ತಿದ್ದಿದ್ದು ಅದೊಂದೇ ಶಬ್ದ.

ಆದರೂ ನೋಡದೇ ಇದ್ದ ಕಾಗೆಯನ್ನು ನೋಡಿದೆ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ತಿಪ್ಪವ್ವನಿಗೆ ನಾನು ಹೇಳಿದ್ದು ಇಷ್ಟು.

"ಕಾಗಿ ನಾ ನೋಡಿಲ್ಲ ದೊಡ್ಡವ್ವ. ಆದ್ರ ಅತ್ತಾಕಿ ನಾನು. ಹಿರೇಕೆರೂರಿಂದ ಈ ಬೇವಿನ ಗಿಡದ ತನಕ ಅತ್ತೇನಿ, ಖರೇನ ಅತ್ತೇನಿ. ನೋಡು, ಅಪ್ಪ ಉಳದು ಕಟ್ಟಿ ಮ್ಯಾಲ ಕುಂತಾನ. ಇನ್ನ ಯಾರರ ಶೀಲಾನ್ನ ಬಾಗಿಲದಾಗ ನಿಲ್ಲಿಸಿದ್ರ, ಮೊದಲ ನನ್ನ ಅಳು ನನಗ ವಾಪಸ್ ಕೊಡ್ರಿ."

ಹುಸಿನಗೆ ನಗುವವರೂ ನಗಲಿಲ್ಲ. ತಿಪ್ಪವ್ವ ಜೋಕಾಲಿಯ ಹಗ್ಗ ನನ್ನ ಕೈಗೆ ಕೊಟ್ಟು, ತಾನೇ ಹಿಂದೆ ನಿಂತು ತೂಗಿದಳು. ಮೇಲೆ ಹೋದಾಗ ನಿನ್ನ ಮನೆಯ ಮುಚ್ಚಿದ ಕದ ಕಾಣುತ್ತಿತ್ತು. ಬೈಯಬೇಕು ಅನ್ನಿಸಿತು, ಅಷ್ಟು ಮೇಲಿನಿಂದ ಬೈದರೆ ಊರಿಗೇ ಕೇಳುತ್ತದೆ ಅಂತ ಬಿಟ್ಟೆ.

ಏಪ್ರಿಲಿನಲ್ಲಿ ಅತ್ತ ಅಳು ನನಗೆ ಬಹಳ ದಿನ ನಾಚಿಕೆಯಾಗಿತ್ತು. ಈಗ ಇಲ್ಲ. ಅದು ಅಪ್ಪನಿಗೆ ಹತ್ತಿತು ಅಂತ ಓಣಿಯೇ ಒಪ್ಪಿದೆ. ಆ ಆಡೂರಿನ ಮುದುಕಿ ಸಿಕ್ಕರೆ, ನಿಮ್ಮ ಪುಣ್ಯ, ಅಪ್ಪ ಇದ್ದಾನೆ ಅಂತ ಹೇಳಬೇಕು.

ಎಳ್ಳಿನ ಉಂಡಿ ನಿನ್ನ ಪಾಲಿನದು ಮಲ್ಲಿಕಾ ವೈನಿಯ ಹತ್ತಿರ ಇಟ್ಟಿದ್ದೇನೆ. ಫೋನ್ ಮಾಡಿದರೆ ಈಗ ಎತ್ತುತ್ತೇನೆ. ಆದರೆ ಕಾಗದವನ್ನೂ ಬರಿ.

ನಿನ್ನ ರತ್ನಾ


ಬಂಕಾಪುರ
24 ಆಗಸ್ಟ್ 2025

ನನ್ನ ರತ್ನಾ,

ನಿನ್ನ ಕಾಗದವನ್ನು ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದೆ. ಕೊನೆಯಲ್ಲಿ "ನಿನ್ನ ರತ್ನಾ" ಅಂತ ಇದೆಯೋ, ಇಲ್ಲ ನನ್ನ ಕಣ್ಣಿಗೆ ಹಾಗೆ ಕಂಡಿತೋ ಅಂತ ಸಂಜಯರಿಗೂ ಓದಲು ಕೊಟ್ಟೆ. ಹಾಗೇ ಇದೆಯಂತೆ.

ಏನು ಹೇಳಲಿ? ಬರೆಯಬೇಕು ಅಂದರೆ ಶಬ್ದಗಳು ಏಳನೇತ್ತಕ್ಕೇ ನಿಂತುಬಿಡುತ್ತವೆ. ಉಂಡಿ ತಿಂದೆ. ಎಳ್ಳು ಸ್ವಲ್ಪ ಹೆಚ್ಚು ಹುರಿದಿದ್ದೀ, ಆದರೂ ಒಂದನ್ನೂ ಯಾರಿಗೂ ಕೊಡಲಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಮಳೆ ಆಗಿದೆ, ಮೇಲಿನ ಓಣಿಗೆ ಈಗ ಮೂರು ದಿನಕ್ಕೊಮ್ಮೆ ನೀರು ಹತ್ತುತ್ತಿದೆ. ಕಾಕಾ ಬೆಳಗ್ಗೆ ನಾನು ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತಾರೆ. ಒಳಗೆ ಹೋಗುವಾಗ "ಹಾಜರಿ ಹಾಕ್ಕೋ ಶೀಲವ್ವ" ಅನ್ನುತ್ತಾರೆ. ತಿಪ್ಪವ್ವನಿಗೆ ಮತ್ತೆ ಜ್ವರ ಬಂದಿತ್ತು. ಈ ಸಲ ತಾನೇ ಮೊಮ್ಮಗಳನ್ನು ಕಳಿಸಿ ನನ್ನನ್ನು ಕರೆಸಿದಳು. ಹೊರಸಿನ ಹತ್ತಿರ ಕೂರಿಸಿಕೊಂಡು ಗಂಡನ ಸಾವಿನ ದಿನದ ನೀರಿನ ಮಾತು ತೆಗೆದಳು. ನಾನು ತಲೆ ತಗ್ಗಿಸಿದೆ. "ಅವತ್ತ ನನಗ ಯಾರರ ಒಬ್ಬರನ್ನ ಬೈಬೇಕಾಗಿತ್ತವ್ವ. ನೀ ಮುಂದ ನಿಂತಿದ್ದಿ" ಅಂದಳು. ಎದೆಯ ಮುಳ್ಳು ಇಷ್ಟು ದಿನದ ಮೇಲೆ ಹೊರಗೆ ಬಂತು. ಗಂಜಿ ಕುಡಿಸಿ ಬಂದೆ. ಕರೀಮಸಾಬ ಮಾತ್ರ ಈಗ ನಾನು ಫೋನ್ ಮಾಡಿದರೆ ಸಾಕು, "ಅಕ್ಕಾರ, ಒಳಗ ಹೋಗಿ ನೋಡಿ ಬಂದೀರೇನ್ರಿ?" ಅಂತ ಕೇಳಿಯೇ ಗಾಡಿ ಚಾಲೂ ಮಾಡುತ್ತಾನೆ. ಸರಿಯೇ. ಈಗ ನಾನೂ ಹೊರಸು ನೋಡುವುದಿಲ್ಲ, ಒಳಗೆ ಹೋಗಿ ಕೇಳುತ್ತೇನೆ.

ನಿನಗೂ, ನಿಮ್ಮಪ್ಪನಿಗೂ, ನಿನ್ನ ಕೈ ಹಿಡಿದು ಕೂತ ಆ ಮುದುಕಿಗೂ ನಾನು ದಿನಾ ಕೈ ಮುಗಿಯುತ್ತೇನೆ. ಇಷ್ಟು ಬರೆದು ಮುಗಿಸಬೇಕು ಅಂದುಕೊಂಡಿದ್ದೆ. ನಿನ್ನೆ ಒಂದು ಮಾತು ಕಿವಿಗೆ ಬಿದ್ದು ಮತ್ತೆ ನಿದ್ದೆ ಕೆಟ್ಟಿತು.

ಮಲ್ಲಿಕಾ ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತ ಏನೋ ಹೇಳುವಾಗ ಹೇಳಿದಳು. ಆಸ್ಪತ್ರೆಯಿಂದ ಬಂದ ಸೋಮವಾರ ಮಾವನಿಗೆ ಒಳಗೆ ಉಸಿರು ಕಟ್ಟಿದ ಹಾಗಾಯಿತಂತೆ. ಮಹಾಂತೇಶ ಮನೆಯಲ್ಲಿರಲಿಲ್ಲವಂತೆ. ಅವಳೂ ಪಕ್ಕದ ಮನೆಯವರೂ ಸೇರಿ ಹೊರಸಿನ ಸಮೇತ ಅವರನ್ನು ಸ್ವಲ್ಪ ಹೊತ್ತು ಹೊರಗೆ ತಂದು ಮಲಗಿಸಿದ್ದರಂತೆ. ಮಲಗಿದ್ದಾಗಲೇ ತಿಗಣೆ ಕಂಡು ಮರುದಿನ ಹೊರಸನ್ನು ಬಿಸಿಲಿಗೆ ಹಾಕಿದ್ದು.

ರತ್ನಾ, ಹಾಗಾದರೆ ಕಾಕಾ ಆ ಸೋಮವಾರ ಹೊಸ್ತಿಲು ದಾಟಿದ್ದರು. ಹಾಗಾದರೆ ಕಾಗೆ? ಖರೇನೇ ಮುಟ್ಟಿದ್ದರೆ? ಮುಟ್ಟಿದ್ದನ್ನು ಅವರು ಯಾರಿಗೂ ಹೇಳದೆ, ಸುದ್ದಿ ಕಳಿಸುವವರೂ ಇಲ್ಲದೆ ಒಬ್ಬರೇ ಮಲಗಿದ್ದರೆ, ಮರುದಿನ ಮುಂಜಾನೆ ನಾನು ಟ್ಯಾಂಕರ್ ಕಳಿಸಿದೆ, ನೀನು ಅತ್ತೆ. ಕಾಕಾ ನನಗಾಗಿ ಸುಳ್ಳು ಹೇಳಿದರು ಅಂತ ಇಷ್ಟು ದಿನ ಋಣ ಹೊತ್ತಿದ್ದೆ. ಅದು ಸುಳ್ಳೇ ಅಲ್ಲ ಅಂದರೆ ಆ ಋಣವನ್ನು ಎಲ್ಲಿ ಇಡಲಿ? ನೆನೆಸಿದರೆ ಹೆದರಿಕೆಯೂ ಆಗುತ್ತದೆ, ಏನೋ ಒಂದು ಥರ ಸಮಾಧಾನವೂ ಆಗುತ್ತದೆ.

ನಾನು ಕೇಳುವ ಹಾಗಿಲ್ಲ. ಕಾಕಾನೇ ನನಗೆ ಹೇಳಿ ಟ್ಯಾಂಕರ್ ತರಿಸಿದರು ಅಂತ ಓಣಿ ನಂಬಿದೆ. ಈಗ ನಾನು ಹೋಗಿ ಕಾಗೆ ಬಂದಿತ್ತೇನು ಅಂತ ಕೇಳಿದರೆ ಹೇಗೆ? ನಿಮ್ಮಪ್ಪನನ್ನು ಕೇಳಬೇಡ, ಅವರು ನಗುತ್ತಾರೆ, ಹೇಳುವುದಿಲ್ಲ. ನೀನು ಮಲ್ಲಿಕಾ ವೈನಿಗೆ ಫೋನ್ ಮಾಡಿದಾಗ, ಬೇರೆ ಮಾತಿನ ನಡುವೆ, ಇಷ್ಟನ್ನು ಇನ್ನೊಮ್ಮೆ ಸರಿಯಾಗಿ ಕೇಳಿ ನನಗೆ ತಿಳಿಸು. ಆ ಸೋಮವಾರ ಕಾಕಾನ ಹೊರಸನ್ನು ಬಾಗಿಲ ಮುಂದಿನ ತಗಡಿನ ಕೆಳಗೆ ಇಟ್ಟಿದ್ದರೋ, ಅಥವಾ ಅಂಗಳ ದಾಟಿಸಿ, ಕಾಗೆಗಳು ಕೂರುವ ಬೇವಿನ ಗಿಡದ ಕೆಳಗೋ?

ನಿನ್ನ ಶೀಲಾ